ಪೂಜೆಗೆ ಕೊಟ್ಟ ಬಂದೂಕು

ಹೊಸ ಬಂದೂಕು ಬಂದ ದಿನದಿಂದ ಶೋಭಿತಾಳಿಗೆ ಸರಿಯಾಗಿ ನಿದ್ದೆ ಇಲ್ಲ. ಅದು ಗುಂಡು ಹಾರಿಸುವ ಬಂದೂಕಲ್ಲ. ಗ್ಯಾಸಿನ ಒತ್ತಡದಿಂದ ಅರಿವಳಿಕೆ ಮದ್ದು ತುಂಬಿದ ಸೂಜಿಯನ್ನು ಹಾರಿಸುವಂಥದ್ದು. ಚಿರತೆಯ ತೊಡೆಗೆ ಸೂಜಿ ಚುಚ್ಚಿಕೊಂಡರೆ ಸ್ವಲ್ಪ ಹೊತ್ತಿಗೆ ಅದು ತೂಕಡಿಸಿ ಮಲಗುತ್ತದೆ. ಆಮೇಲೆ ಬೋನಿಗೆ ಹಾಕಿ ಸಾಗಿಸಬಹುದು. ಹಳೆಯ ಬಂದೂಕಿಗೆ ಕಣ್ಣಳತೆಯೇ ಗತಿಯಾಗಿತ್ತು. ಹೊಸದರ ಮೇಲೆ ಗೇಣುದ್ದಕ್ಕಿಂತ ತುಸು ಹೆಚ್ಚಿನ ಕರಿ ಕೊಳವೆಯೊಂದು ಕೂತಿತ್ತು. ಅದೇ ಸ್ಕೋಪು. ಅದಕ್ಕೆ ಕಣ್ಣಿಟ್ಟರೆ ದೂರದ್ದು ಹತ್ತಿರ ಬರುತ್ತದೆ, ನಡುವೆ ಕೂದಲೆಳೆಯಂಥ ಎರಡು ಗೆರೆಗಳು ಒಂದನ್ನೊಂದು ಹಾಯುತ್ತವೆ. ಆದರೆ ಗೆರೆ ಕೂಡುವ ಜಾಗಕ್ಕೇ ಸೂಜಿ ಹೋಗುತ್ತದೆ ಎಂದೇನಿಲ್ಲ. ಹೋಗುವ ಹಾಗೆ ಮಾಡಬೇಕು. ಆ ರೇಂಜ್ ಆಫೀಸಿನಲ್ಲಿ ಅದರ ತರಬೇತಿ ಪಡೆದವಳು ಅರಣ್ಯ ರಕ್ಷಕಿ ಶೋಭಿತಾ ಒಬ್ಬಳೇ.

ಎರಡು ದಿನ ಅವಳು ಆಫೀಸಿನ ಹಿಂದಿನ ನರ್ಸರಿಯಲ್ಲೇ ಇದ್ದಳು. ಹುಲ್ಲು ತುಂಬಿದ ಗೋಣಿಚೀಲವನ್ನು ಗೋಡೆಗೆ ನೇತುಹಾಕಿ, ಅದರ ಮೇಲೆ ಸುಣ್ಣದಲ್ಲಿ ಅಂಗೈಯಗಲದ ಬೊಟ್ಟಿಟ್ಟಳು. ಮೂವತ್ತು ಮೀಟರು ಅಳೆದು ಮೇಜು ಹಾಕಿಸಿ, ಮರಳಿನ ಚೀಲದ ಮೇಲೆ ಬಂದೂಕನ್ನು ಮಲಗಿಸಿದಳು. ಮದ್ದಿನ ಬದಲು ಅಷ್ಟೇ ತೂಕದ ನೀರು ತುಂಬಿದ ಸೂಜಿಗಳನ್ನು ಒಂದೊಂದಾಗಿ ಹೊಡೆದಳು. ಒಂದೇ ಹೊಡೆತವನ್ನು ನಂಬಬಾರದೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೊಡೆದ ಸೂಜಿಗಳೆಲ್ಲ ಒಂದೇ ಕಡೆ ಗುಂಪಾಗಿ ಬಿದ್ದ ಮೇಲಷ್ಟೇ ಸ್ಕೋಪಿನ ತಿರುಗಣೆಗೆ ಕೈ ಹಾಕಬೇಕು. ಸ್ಕೋಪಿನ ನೆತ್ತಿಯಲ್ಲಿ ಒಂದು ತಿರುಗಣೆ, ಪಕ್ಕದಲ್ಲಿ ಒಂದು. ನೆತ್ತಿಯದು ಮೇಲೆ ಕೆಳಗೆ, ಪಕ್ಕದ್ದು ಎಡಕ್ಕೆ ಬಲಕ್ಕೆ. ಟಿಕ್ ಟಿಕ್ ಎಂದು ಸರಿಸಿ ಮತ್ತೆ ಹೊಡೆಯಬೇಕು. ಕೊನೆಗೆ ಎರಡಕ್ಕೂ ಪುಟ್ಟ ಟೋಪಿಯಂಥ ಮುಚ್ಚಳ ಬಿಗಿದು, ಮತ್ತೆ ಅತ್ತಿತ್ತ ಅಲುಗದಂತೆ ಬಿಡಬೇಕು.

ಅವಳ ಸ್ವಭಾವವೇ ಹಾಗೆ. ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನವರೆಗೆ ಹೋದವಳು ವಾಪಸು ಬಂದು ಬೀಗ ಎಳೆದು ನೋಡುತ್ತಾಳೆ. ಮಂಡ್ಯದ ಸಂಜೆ ಕಾಲೇಜಿನಲ್ಲಿ ಡಿಗ್ರಿ ಓದುವಾಗಲೂ, ಉತ್ತರ ಪತ್ರಿಕೆ ಕೊಟ್ಟ ಮೇಲೆ ನಂಬರು ಸರಿಯಾಗಿ ಬರೆದೆನೋ ಇಲ್ಲವೋ ಎಂದು ಕಣ್ಣೀರು ಹಾಕಿದವಳು. ಜೀಪಿನ ಡ್ರೈವರು ಹೊನ್ನಯ್ಯ ನರ್ಸರಿಯ ಕಟ್ಟೆಯ ಮೇಲೆ ಕೂತು ಬೀಡಿ ಎಳೆಯುತ್ತ ನೋಡಿ ನೋಡಿ ಸಾಕಾಗಿ ಹೇಳಿದ್ದ:

"ಗೋಣಿಚೀಲ ಆಗ್ಲೇ ಸತ್ತೋಯ್ತು ಬುಡವ್ವ. ಇನ್ನೆಷ್ಟ್ ಸಲ ಸಾಯಿಸ್ತೀಯೆ?"

"ಇನ್ನೊಂದೇ ಒಂದ್ಸಲ ಅಣ್ಣ."

"ಬೆಳಗ್ನಿಂದ ಇದ್ನೇ ಯೋಳ್ತಿದ್ದೀಯ ಕಣವ್ವ."

ಆಯುಧಪೂಜೆಯ ಹಿಂದಿನ ಸಂಜೆ ಸೂಜಿಗಳೆಲ್ಲ ಸುಣ್ಣದ ಬೊಟ್ಟಿನೊಳಗೇ ಬಿದ್ದವು. ಅವಳು ಮುಚ್ಚಳ ಬಿಗಿದು, ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಚಿಲಕ ಎಳೆದು ನೋಡಿದಳು. ಮತ್ತೊಮ್ಮೆ ಎಳೆದು ನೋಡಿದಳು.

ಮಾರನೆಯ ಬೆಳಿಗ್ಗೆ ಹೊನ್ನಯ್ಯ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದು ಪೆಟ್ಟಿಗೆಯ ಬೀಗದ ಕೈ ಕೇಳಿದ. "ಜೀಪ್ಗೆ, ಮಚ್ಗೆ, ಕೊಡ್ಲಿಗೆ ಎಲ್ಲಾಕ್ಕೂ ಪೂಜೆ ಆಯ್ತದೆ. ಒಸಾ ಗನ್ನು. ಅದ್ನೊಂದ್ನ ಬುಟ್ಬುಟ್ರೆ ಮುನಿಸ್ಕತದೆ."

ಶೋಭಿತಾಳ ಮನೆಯಲ್ಲಿ ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚುವುದನ್ನು ಬಿಟ್ಟರೆ ಬೇರೆ ಪೂಜೆ ಇಲ್ಲ. ಅದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಕೊಡುವುದಿಲ್ಲವೆಂದರೆ ಅದಕ್ಕೇ ಕೊಡಲಿಲ್ಲ ಅಂದುಕೊಳ್ಳುತ್ತಾರೆ. ಹೊನ್ನಯ್ಯ ತನ್ನನ್ನು ಮಗಳ ಹಾಗೆ ನೋಡುವವನು. ಅವನ ಮುಖ ಚಿಕ್ಕದಾಗುತ್ತದೆ. ಅಷ್ಟೆಲ್ಲ ಯೋಚಿಸಿ ಬೀಗದ ಕೈ ಕೊಟ್ಟಳು. "ಹೂವು ಇಡಿ ಅಣ್ಣ, ಬೇರೇನೂ ಮಾಡ್ಬೇಡಿ," ಎಂದಳು. "ಆಯ್ತು ಕಣವ್ವ, ನಾನೇನ್ ಮಗೀನಾ?" ಎಂದು ಅವನು ಹೊರಟೇಹೋದ. ಅವಳು ಗೇಟಿನ ಹತ್ತಿರ ಬೂದುಗುಂಬಳಕಾಯಿ ತಂದವರ ಜೊತೆ ನಿಂತಳು.

ಪೂಜೆ ಚೆನ್ನಾಗಿಯೇ ಆಯಿತು. ಜೀಪಿನ ಎರಡು ಕಡೆ ಬಾಳೆಕಂದು ಕಟ್ಟಿದ್ದರು. ಅದರ ಮುಂದೆ ಬಾಳೆಲೆಯ ಮೇಲೆ ಮಚ್ಚು, ಕೊಡಲಿ, ಹಗ್ಗ, ಟಾರ್ಚು, ನಡುವೆ ಹೊಸ ಬಂದೂಕು. ರೇಂಜರ್ ರಘುನಂದನ್ ರೇಷ್ಮೆ ಪಂಚೆಯುಟ್ಟು ಮಂಗಳಾರತಿ ಎತ್ತಿದ. ಬೂದುಗುಂಬಳಕಾಯಿ ಒಡೆದದ್ದೇ ತಡ, ಅವನ ಫೋನು ಹೊಡೆದುಕೊಳ್ಳತೊಡಗಿತು.

ವೈದ್ಯನಾಥಪುರದ ಆಚೆ, ಶಿಂಷೆಯ ದಂಡೆಯ ಮೇಲೆ ಚಲುವಮ್ಮ ಎನ್ನುವವಳ ಕಬ್ಬಿನ ಗದ್ದೆ. ಕಟಾವು ನಡೆಯುತ್ತಿತ್ತು. ಕಬ್ಬು ಕಡಿಯುತ್ತ ಕಡಿಯುತ್ತ ಮುಂದೆ ಹೋದಂತೆ, ಒಳಗಿದ್ದ ಚಿರತೆ ಉಳಿದ ಕಬ್ಬಿನೊಳಕ್ಕೆ ಸರಿಯುತ್ತಾ ಸರಿಯುತ್ತಾ ಕೊನೆಗೆ ಒಂದು ಪುಟ್ಟ ಪಟ್ಟಿಯಲ್ಲಿ ಸಿಕ್ಕಿಬಿದ್ದಿತ್ತು. ಹಬ್ಬದ ದಿನ; ಸುತ್ತ ಮೂರು ಊರಿನ ಜನ ಸೇರಿದ್ದರು. ಕಬ್ಬಿಗೆ ಬೆಂಕಿ ಹಾಕೋಣ ಎನ್ನುವ ಮಾತು ಆಗಲೇ ಹುಟ್ಟಿತ್ತು.

"ಹೊರಡಿ, ಹೊರಡಿ," ಎಂದು ರಘುನಂದನ್ ಪಂಚೆ ಎತ್ತಿ ಕಟ್ಟಿದ. "ಡಾಕ್ಟರಿಗೆ ಹೇಳಿದ್ದೀನಿ, ನೇರ ಗದ್ದೆಗೇ ಬರ್ತಾರೆ."

ಪೂಜೆಯಾದ ಆಯುಧವನ್ನು ವಿಜಯದಶಮಿವರೆಗೆ ಮುಟ್ಟಬಾರದಲ್ಲ ಎಂದು ಯಾರೋ ಗೊಣಗಿದರು. ಶೋಭಿತಾ ಆಗಲೇ ಬಾಗಿ ಬಂದೂಕು ಎತ್ತಿಕೊಂಡಿದ್ದಳು. ಸೇವಂತಿಗೆಯ ಮಾಲೆ ಬಿಚ್ಚಿದಳು. ಸ್ಕೋಪಿನ ಮುಂದಿನ ಗಾಜಿಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಅದನ್ನು ಮೆತ್ತಗೆ ಒರೆಸಿದಳು. ಆಮೇಲೆ ಅವಳ ಕಣ್ಣು ಎರಡು ಮುಚ್ಚಳಗಳ ಮೇಲೆ ನಿಂತಿತು. ನೆನ್ನೆ ಮಾಸಲಾಗಿದ್ದವು ಇವತ್ತು ಎಣ್ಣೆ ಹಚ್ಚಿದ ಹಾಗೆ ಫಳಫಳ ಹೊಳೆಯುತ್ತಿದ್ದವು.

"ಹೊನ್ನಯ್ಯಣ್ಣ, ಈ ಟೋಪಿ ಬಿಚ್ಚಿದ್ರಾ?"

"ಊ ಕಣವ್ವ. ಧೂಳ್ ಕುಂತಿತ್ತು. ಬಿಚ್ಚಿ ಕೊಬ್ರಿ ಎಣ್ಣೆ ಆಕಿ ವರಸ್ದೆ."

"ಒಳಗಿಂದು?"

"ಒಳ್ಗಡೆ ತಿರುಗಣೆ ಸಡ್ಲ ಇತ್ತು. ಟಿಕ್ಕು ಟಿಕ್ಕು ಅಂತಿತ್ತು. ಎರ್ಡೂವೆ ಬಿಗಿ ಮಾಡ್ದೆ," ಎಂದ ಹೊನ್ನಯ್ಯ, ಶಹಬ್ಬಾಸ್ ಸಿಕ್ಕೀತೆಂಬ ಮುಖದಲ್ಲಿ.

"ಎಷ್ಟು ತಿರುಗಿಸಿದ್ರಿ?"

"ಅಯ್, ನಾನೇನ್ ಲೆಕ್ಕ ಆಕಿದ್ನಾ? ನಿಲ್ಲೋಗಂಟ."

ಶೋಭಿತಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ, ಅನುಮಾನ. ನಾನೇ ಹೆಚ್ಚು ಗಾಬರಿಯಾಗುತ್ತಿದ್ದೇನೆಯೇ? ಇದು ನನ್ನ ಬೀಗ ಎಳೆದು ನೋಡುವ ಚಾಳಿಯೇ? ಪೂಜೆ ಎಂದರೆ ನನಗಾಗದು, ಅದಕ್ಕೇ ತಪ್ಪು ಹುಡುಕುತ್ತಿದ್ದೇನೆಯೇ? ಬೀಗದ ಕೈ ಕೊಟ್ಟವಳೂ ನಾನೇ ಅಲ್ಲವೇ? ಆದರೆ ಬಂದೂಕಿಗೆ ಅವಳ ಮನಸ್ಸಿನ ಗೊಡವೆ ಇಲ್ಲ. ತಿರುಗಣೆ ತಿರುಗಿದ್ದರೆ ತಿರುಗಿದೆ.

"ಸರ್, ಗುರಿ ಮತ್ತೆ ನೋಡ್ಬೇಕು," ಎಂದಳು.

ಜೀಪಿಗೆ ಒಂದು ಕಾಲು ಹಾಕಿದ್ದ ರಘುನಂದನ್ ತಿರುಗಿದ. "ಎರಡು ದಿನ ಏನ್ ಮಾಡಿದ್ರಿ ಮತ್ತೆ?"

"ಗುರಿ ಸರಿ ಮಾಡಿದ್ದೆ ಸರ್. ಈಗ ಕೆಟ್ಟಿದೆ."

"ಕೆಟ್ಟಿದೆ ಅಂತ ಹೇಗ್ ಹೇಳ್ತೀರಿ?"

"ಹೊಡೆದು ನೋಡಿದ್ರೆ ಗೊತ್ತಾಗುತ್ತೆ."

"ಶೋಭಿತಾ, ಅಲ್ಲಿ ಜನ ಬೆಂಕಿಪೊಟ್ಣ ಹಿಡ್ಕೊಂಡು ನಿಂತಿದ್ದಾರೆ. ಪೂಜೆ ಆಗಿರೋ ಗನ್ನು. ಮೊದಲ್ನೇ ಹೊಡೆತ ಗೋಣಿಚೀಲಕ್ಕಾ?" ಆಮೇಲೆ ದನಿ ತಗ್ಗಿಸಿದ, ಆದರೆ ಎಲ್ಲರಿಗೂ ಕೇಳುವಷ್ಟೇ ತಗ್ಗಿಸಿದ. "ನಿಮ್ಗೆ ನಂಬ್ಕೆ ಇಲ್ಲ, ಇರ್ಲಿ. ನಮ್ ಪೂಜೇನ ಯಾಕೆ ಅನುಮಾನ ಮಾಡ್ತೀರಿ?"

ಅಂಗಳದಲ್ಲಿದ್ದವರೆಲ್ಲ ಅವಳ ಮುಖವನ್ನೇ ನೋಡಿದರು.

"ಪೂಜೆ ಮೇಲೆ ಅನುಮಾನ ಇಲ್ಲ ಸರ್. ತಿರುಗಣೆ ಮೇಲೆ ಅನುಮಾನ."

"ಬನ್ನಿ ಅಂದೆ."

"ಬರಲ್ಲ ಸರ್."

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೆ ಒಂದು ಕ್ಷಣ ಗೊತ್ತಾಗಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಮೇಲಿನವರಿಗೆ ಇಲ್ಲವೆಂದವಳಲ್ಲ. ಆದರೆ ಹೇಳಿದ್ದು ಹೇಳಿಯಾಗಿತ್ತು, ಅದರ ಮೇಲೇ ನಿಂತಳು. "ಬೇರೆಯವರು ತಗೊಂಡು ಹೋಗೋದಾದ್ರೆ ಕೊಡ್ತೀನಿ. ಯಾರಿಗೆ ಕೊಡ್ಲಿ, ಹೇಳಿ. ನಾನು ಮಾತ್ರ ಗುರಿ ನೋಡ್ದೆ ಇದನ್ನ ಜನರ ಮಧ್ಯೆ ಎತ್ತಲ್ಲ."

ಯಾರೂ ಕೈ ಚಾಚಲಿಲ್ಲ. ರಘುನಂದನ್ ಜೀಪಿನ ಬಾಳೆಕಂದನ್ನು ಕಿತ್ತು ಆಚೆ ಎಸೆದ. "ಒಂದೇ ಹೊಡೆತ," ಎಂದ.

ಅವಳು ನರ್ಸರಿಗೆ ಓಡಿದಳು. ಹೊನ್ನಯ್ಯ ಮರಳಿನ ಚೀಲ ಹೊತ್ತುಕೊಂಡು ಹಿಂದೆಯೇ ಓಡಿದ. ರಘುನಂದನ್ ಕೂಡ ಬಂದು ನಿಂತ. ಗ್ಯಾಸಿನ ಒತ್ತಡ ನೆನ್ನೆಯಷ್ಟೇ ಇದೆಯೇ ನೋಡಿದಳು. ಗೆರೆಗಳನ್ನು ಸುಣ್ಣದ ಬೊಟ್ಟಿನ ನಟ್ಟನಡುವೆ ನಿಲ್ಲಿಸಿ, ಉಸಿರು ಅರ್ಧ ಬಿಟ್ಟು ಬಂದೂಕಿನ ಕುದುರೆಯನ್ನು ಬೆರಳಿನಿಂದ ಎಳೆದಳು.

ಸೂಜಿ ಬೊಟ್ಟಿಗೆ ಬೀಳಲಿಲ್ಲ. ಅದರ ಎಡಕ್ಕೆ, ಒಂದು ಗೇಣು ಆಚೆ, ತುಸು ಕೆಳಗೆ, ಗೋಣಿಚೀಲದ ಹೊಲಿಗೆಗೆ ಚುಚ್ಚಿಕೊಂಡು ನಿಂತಿತು.

ಚಿರತೆಯ ತೊಡೆಯಲ್ಲಿ ಸೂಜಿ ಹೊಡೆಯಬಹುದಾದ ಮಾಂಸದ ಜಾಗ ಅಂಗೈಯಗಲ. ಅದರಿಂದ ಗೇಣು ಈಚೆಗೆ ಹೊಟ್ಟೆ, ಕರುಳು. ಗೇಣು ಆಚೆಗೆ ಬರಿ ಗಾಳಿ, ಗಾಳಿಯಾಚೆ ಜನ. ಹೊನ್ನಯ್ಯ ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ. "ನನ್ ಕೈ ಸೇದೋಗ. ನನ್ ಕೈ..."

"ಸುಮ್ನಿರಿ ಅಣ್ಣ. ಸೂಜಿ ಕೊಡಿ."

ಇನ್ನೂ ಎರಡು ಹೊಡೆದಳು. ಅವೂ ಅಲ್ಲೇ, ಹೊಲಿಗೆಯ ಪಕ್ಕದಲ್ಲೇ ಬಿದ್ದವು. ಈಗ ಮುಚ್ಚಳ ಬಿಚ್ಚಿ ಪಕ್ಕದ ತಿರುಗಣೆಯನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದಳು. ಎಣ್ಣೆಯಿಂದ ಬೆರಳು ಜಾರುತ್ತಿತ್ತು. ಯೂನಿಫಾರ್ಮಿನ ತೋಳಿಗೆ ಒರೆಸಿಕೊಂಡಳು. ಮತ್ತೆ ಹೊಡೆದಳು. ಬೊಟ್ಟಿನ ಅಂಚು. ನೆತ್ತಿಯದನ್ನೂ ಸರಿಸಿದಳು. ಮತ್ತೆ ಪಕ್ಕದ್ದನ್ನು, ಟಿಕ್ ಟಿಕ್ ಟಿಕ್.

ಅಷ್ಟರಲ್ಲಿ ರಘುನಂದನನಿಗೆ ಫೋನು ಬಂತು. ಅವನು ಕೇಳಿಸಿಕೊಂಡ. "ಒಬ್ಬ ಹುಡ್ಗ ಕಬ್ಬೊಳಗೆ ನುಗ್ಗಿದ್ನಂತೆ. ಗದ್ದೆಯವಳ ಮಗ, ಸಂತೋಷ್ ಅಂತ. ಭುಜ ಪರಚಿದೆ. ಮಂಡ್ಯ ಆಸ್ಪತ್ರೆಗೆ ಎತ್ಕೊಂಡ್ ಹೋಗ್ತಿದ್ದಾರಂತೆ." ಫೋನನ್ನು ಅವಳ ಕಡೆ ಚಾಚಿ, ಅದೇ ಸಾಕ್ಷಿ ಎಂಬಂತೆ ಹಿಡಿದ. "ನೋಡಿ. ನಾವು ಅಲ್ಲಿರ್ಬೇಕಾಗಿತ್ತು."

ಅವಳು ಬಂದೂಕನ್ನು ಮರಳಿನ ಚೀಲದ ಮೇಲೆ ಬಿಟ್ಟು ಎರಡೂ ಅಂಗೈಗಳನ್ನು ಮೊಣಕಾಲಿಗೆ ಒತ್ತಿ ಹಿಡಿದಳು. ಆ ಹುಡುಗನ ಭುಜ ನನ್ನ ಲೆಕ್ಕಕ್ಕೇ ಬರುತ್ತದೆ, ಎಂದುಕೊಂಡಳು. ಬರಲಿ. ಆದರೆ ಕೊನೆಯ ಟಿಕ್ ತಿರುಗಿಸಿದ ಮೇಲೆ ಇನ್ನೂ ಹೊಡೆದು ನೋಡಿಲ್ಲ.

"ನಡೀರಿ!" ಎಂದ ರಘುನಂದನ್.

"ಇನ್ನೊಂದು ಸರ್."

"ಏನ್ರೀ?"

"ಇನ್ನೊಂದು ಹೊಡೀಬೇಕು. ತಿರುಗಿಸಿದ್ದು ಸರಿಯಾಗಿದ್ಯಾ ಅಂತ ಗೊತ್ತಿಲ್ಲ."

ಅವನು ಏನೋ ಕೂಗಿದ. ಅವಳು ಕೇಳಿಸಿಕೊಳ್ಳಲಿಲ್ಲ, ಕಣ್ಣು ಗಾಜಿಗಿಟ್ಟಾಗಿತ್ತು. ಸೂಜಿ ಸುಣ್ಣದ ಬೊಟ್ಟಿನ ನಡುವೆ ಹೊಕ್ಕಿತು. ಅವಳು ಮುಚ್ಚಳ ಬಿಗಿದು ಎದ್ದಳು.

ಹೆದ್ದಾರಿಯಲ್ಲಿ ಲಾರಿಗಳೆಲ್ಲ ಹೂವಿನ ಹಾರ, ನಿಂಬೆಹಣ್ಣು ಕಟ್ಟಿಕೊಂಡು ನಿಂತಿದ್ದವು. ಹೊನ್ನಯ್ಯ ಗುಂಡಿ ಬಂದಲ್ಲೆಲ್ಲ ಹಸುಗೂಸನ್ನು ಮಲಗಿಸಿಕೊಂಡವನ ಹಾಗೆ ಜೀಪು ನಿಧಾನ ಮಾಡುತ್ತಿದ್ದ. ಶೋಭಿತಾ ಬಂದೂಕನ್ನು ತೊಡೆಯ ಮೇಲಿಟ್ಟು ತಬ್ಬಿ ಹಿಡಿದಿದ್ದಳು.

ಗದ್ದೆಯ ಮೂರು ಕಡೆ ಜನ. ಕಡಿದು ಬಿದ್ದ ಕಬ್ಬಿನ ರಾಶಿಯ ಮೇಲೆ, ಟ್ರ್ಯಾಕ್ಟರಿನ ಮೇಲೆ, ಪಂಪ್‌ಹೌಸಿನ ತಾರಸಿಯ ಮೇಲೆ ಎಲ್ಲೆಲ್ಲೂ ಜನ. ಜೀಪು ಕಂಡಿದ್ದೇ ಬೈಗುಳ ಶುರುವಾಯಿತು.

"ಈಗ್ ಬಂದ್ರು ನೋಡ್ಲಾ, ಒಬ್ಬಟ್ಟು ತಿಂದ್ಕೊಂಡು!"

"ಈವಮ್ಮ ಒಡ್ದಾಳಾ? ಇರುವೆ ಕಚ್ಚುದ್ರೂ ಅರಚ್ಕೋತಾಳೆ ಕಣ್ಲಾ."

ಚಲುವಮ್ಮ ಗುಂಪು ಸೀಳಿಕೊಂಡು ಬಂದಳು. ಸೆರಗಿನ ಮೇಲೆ ಮಗನ ರಕ್ತ. ಆಂಬುಲೆನ್ಸಿನಲ್ಲಿ ಮಗನ ಜೊತೆ ಹೋಗದೆ ಗದ್ದೆ ಕಾಯಲು ನಿಂತಿದ್ದಳು. ತಾನು ಹೋದರೆ ಜನ ಬೆಂಕಿ ಹಾಕುವುದು ಖಂಡಿತವೆಂದು ಅವಳಿಗೆ ಗೊತ್ತಿತ್ತು. ಜೀಪಿನ ಬಾಗಿಲು ಹಿಡಿದು ಕೇಳಿದಳು: "ಎಲ್ಲೋಗಿದ್ರಿ? ಫೋನ್ ಮಾಡಿ ಎಷ್ಟೊತ್ತಾಯ್ತು, ಎಲ್ ಸತ್ತೋಗಿದ್ರಿ?"

ರಘುನಂದನ್ ಶೋಭಿತಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಲಿಲ್ಲ. "ನನ್ನಿಂದ ತಡ ಆಯ್ತು ಕಣಮ್ಮ. ಆಮೇಲೆ ಮಾತಾಡೋಣ. ಈಗ ಜನ ಹಿಂದಕ್ಕೆ ಹೋಗ್ಲಿ, ಕೂಗಿ ಹೇಳಿ."

ಪಶುವೈದ್ಯ ಡಾಕ್ಟರ್ ಜಯಪ್ರಕಾಶ್ ಆಗಲೇ ಬಂದಿದ್ದರು. ಮದ್ದನ್ನು ಸೂಜಿಗೆ ತುಂಬಿ ಕೊಟ್ಟರು. "ಹಿಂದಿನ ತೊಡೆಗೆ ಮಾತ್ರ. ಎದುರಿಗೆ ನಿಂತ್ರೆ ಬೇಡ. ಎದೆಗೆ ಬಿದ್ರೆ ಉಳಿಯಲ್ಲ," ಎಂದರು. ಜೀಪನ್ನು ಕಾಲುವೆಯ ಏರಿಯ ಮೇಲೆ, ಕಬ್ಬಿನ ಅಂಚಿನಿಂದ ಮೂವತ್ತು ಮೀಟರಿಗೆ ನಿಲ್ಲಿಸಿದರು. ಹೊನ್ನಯ್ಯ ಇಂಜಿನ್ ಆಫ್ ಮಾಡಿ ಸ್ಟೀರಿಂಗ್ ಬಿಗಿಯಾಗಿ ಹಿಡಿದು ಕೂತ. ಕಬ್ಬಿನ ಆ ಕಡೆಯಿಂದ ನಾಲ್ಕು ಜನ ತಗಡು ಬಡಿಯುತ್ತ ನಿಧಾನವಾಗಿ ಹೆಜ್ಜೆ ಹಾಕಿದರು.

ಕಬ್ಬಿನ ಸೋಗೆ ಅಲುಗಿತು. ಎರಡು ಸಾಲಿನ ನಡುವೆ ಚಿರತೆಯ ಮುಖ ಕಾಣಿಸಿತು. ಗಾಜಿನೊಳಗೆ ಅದು ಎಷ್ಟು ಹತ್ತಿರವಿತ್ತೆಂದರೆ ಮೀಸೆಗೆ ಮೆತ್ತಿದ ಕೆಸರು ಕೂಡ ಅವಳಿಗೆ ಕಂಡಿತು. ಕಿವಿ ಹಿಂದಕ್ಕೆ ಒತ್ತಿತ್ತು. ಅದೂ ಹೆದರಿತ್ತು. ನೇರ ಇತ್ತ ಮುಖ ಮಾಡಿ ನಿಂತಿತ್ತು.

"ಹೊಡಿ! ಹೊಡಿ!" ಎಂದು ಜನ ಅರಚಿದರು.

"ಹೊಡೀರಿ ಶೋಭಿತಾ," ಎಂದ ರಘುನಂದನ್, ಕಿವಿಯ ಹತ್ತಿರ.

"ಎದುರಿಗಿದೆ ಸರ್. ಹೊಡೆಯಲ್ಲ."

"ತಪ್ಪಿಸ್ಕೊಂಡ್ರೆ?"

"ತಪ್ಪಿಸ್ಕೊಳ್ಲಿ. ಮತ್ತೆ ಹುಡುಕೋಣ."

ಚಿರತೆ ಒಳಕ್ಕೆ ಸರಿಯಿತು. ಗುಂಪಿನಿಂದ ಬಂದ ಬೈಗುಳ ಅವಳು ಹಿಂದೆ ಎಲ್ಲೂ ಕೇಳಿರದಂಥದ್ದು. ತಾರಸಿಯ ಮೇಲಿಂದ ಒಂದು ಕಬ್ಬಿನ ಜಲ್ಲೆ ಹಾರಿಬಂದು ಜೀಪಿನ ಬಾನೆಟ್ಟಿಗೆ ಬಿತ್ತು. "ಬಂದೂಕ ಬೇರೆಯೋರ್ಗೆ ಕೊಡಮ್ಮ, ಮನೇಗೋಗಿ ಮುದ್ದೆ ತಿರುವು!" ಸರಿ ಮಾಡಿದೆನೋ ಇಲ್ಲವೋ ಎಂಬ ಹಳೆಯ ಹುಳು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಕೊರೆಯಲಿ ಎಂದು ಬಿಟ್ಟಳು. ಕಣ್ಣನ್ನು ಗಾಜಿನಿಂದ ತೆಗೆಯಲಿಲ್ಲ.

ತಗಡಿನ ಸದ್ದು ಇನ್ನೂ ಹತ್ತಿರ ಬಂತು. ಕಬ್ಬಿನ ಮೂಲೆಯಲ್ಲಿ ಹಳದಿ ಮೈ ಹೊರಬಂದಿತು. ಈ ಸಲ ಓಡಲಿಲ್ಲ. ಕಾಲುವೆಯ ಕಡೆಗೋ ನದಿಯ ಕಡೆಗೋ ಎಂದು ಅನುಮಾನಿಸಿ ಪಕ್ಕಕ್ಕೆ ತಿರುಗಿ ನಿಂತಿತು. ತೊಡೆ ಇಷ್ಟಗಲ ಕಂಡಿತು. ಗೆರೆ ಕೂಡುವ ಜಾಗವನ್ನು ಅದರ ಮೇಲೆ ಇಟ್ಟಳು. ಎಡಕ್ಕೂ ಅಲ್ಲ, ಬಲಕ್ಕೂ ಅಲ್ಲ, ಎಲ್ಲಿ ಬೇಕೋ ಅಲ್ಲೇ. ಉಸಿರು ಅರ್ಧ ಬಿಟ್ಟಳು.

ಟಪ್ ಎಂದಿತು, ಅಷ್ಟೇ. ಚಿರತೆ ಒಮ್ಮೆ ಹಾರಿ ತನ್ನ ತೊಡೆಯನ್ನೇ ತಿರುಗಿ ಕಚ್ಚಲು ನೋಡಿತು. ಸೂಜಿಯ ಹಿಂದಿನ ಕೆಂಪು ಕುಚ್ಚು ಅಲ್ಲಿ ಅಲುಗುತ್ತಿತ್ತು. ಆಮೇಲೆ ಕಬ್ಬಿಗೆ ನುಗ್ಗಿತು. ಡಾಕ್ಟರು ಗಡಿಯಾರ ನೋಡುತ್ತ, ಯಾರೂ ಉಸಿರೆತ್ತಬಾರದೆಂದು ಕೈ ಎತ್ತಿ ನಿಲ್ಲಿಸಿದರು. ಕೊನೆಗೆ ಒಳಗೆ ಹೋಗಿ ನೋಡಿದಾಗ ಅದು ಸೋಗೆಯ ಮೇಲೆ ತಲೆ ಇಟ್ಟು, ನಾಲಿಗೆ ಚಾಚಿ ಮಲಗಿತ್ತು. ಪಕ್ಕೆ ಸಮನಾಗಿ ಏರಿಳಿಯುತ್ತಿತ್ತು. ಶೋಭಿತಾ ಒದ್ದೆ ಬಟ್ಟೆಯನ್ನು ಅದರ ಕಣ್ಣಿನ ಮೇಲೆ ಹಾಕಿದಳು.

ಬೋನು ಲಾರಿ ಏರಿದ ಮೇಲೆ ಜನ ಫೋನು ಹಿಡಿದು ಅದರ ಹಿಂದೆ ಓಡಿದರು. ರಘುನಂದನ್ ಯಾರಿಗೋ ಫೋನಿನಲ್ಲಿ ಎಲ್ಲ ಸುಸೂತ್ರವಾಯಿತೆಂದು ಹೇಳುತ್ತಿದ್ದ. ಚಲುವಮ್ಮ ಮಾತ್ರ ಜೀಪಿನ ಹತ್ತಿರ ಬಂದು ನಿಂತಳು.

"ಆಮೇಲ್ ಮಾತಾಡೋಣ ಅಂದ್ಯಲ್ಲ. ಈಗ್ ಯೋಳು. ನೀನು ಬಿರ್ನೆ ಬಂದಿದ್ರೆ ನನ್ ಮಗುಂಗೆ ಇಂಗಾಯ್ತಿತ್ತಾ?"

ರಘುನಂದನ್ ಫೋನಿನ ಮೇಲೆ ಕೈ ಮುಚ್ಚಿ, ಸಮಾಧಾನ ಹೇಳಿ ಕಳಿಸಿ ಎಂದು ಸನ್ನೆ ಮಾಡಿದ. ಹೊನ್ನಯ್ಯ, "ತೆಪ್ಪು ನಂದು ಕಣಮ್ಮ, ಆ ಮಗೀದಲ್ಲ," ಎಂದು ಬಾಯಿ ಹಾಕಿದ. ಶೋಭಿತಾ ಅವನನ್ನು ತಡೆದಳು.

"ಬೇಗ ಬಂದಿದ್ರೆ ಆಗ್ತಿರ್ಲಿಲ್ವೇನೋ. ನಂಗೆ ಗೊತ್ತಿಲ್ಲ," ಎಂದಳು. "ಗೊತ್ತಿಲ್ದೇ ಇರೋದನ್ನ ಹೇಳಲ್ಲ. ಆದ್ರೆ ಬಂದೂಕಿನ ಗುರಿ ಕೆಟ್ಟಿತ್ತು ಕಣಮ್ಮ, ಒಂದು ಗೇಣು. ಹಂಗೇ ಎತ್ಕೊಂಡ್ ಬಂದು ಹೊಡೆದಿದ್ರೆ ಅದರ ಹೊಟ್ಟೆಗೋ, ಅಲ್ಲಿ ನಿಂತಿದ್ದ ಇನ್ನೊಬ್ಬರ ಮಗುಗೋ ಬೀಳ್ತಿತ್ತು. ಅದಕ್ಕೇ ನಿಂತೆ. ನಾಳೆ ಕರೆದ್ರೂ ಗುರಿ ನೋಡ್ಕೊಂಡೇ ಬರೋದು. ನೀವು ಬೈಯೋದಾದ್ರೆ ಬೈಯಿರಿ."

ಚಲುವಮ್ಮ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಮೂಗು ಒರೆಸಿಕೊಂಡಳು.

"ಬಯ್ದೆ ಬುಟ್ಟೇನಾ? ಬಯ್ಯೇ ಬಯ್ತೀನಿ," ಎಂದಳು. "ಜೀಪಲ್ಲಿ ಜಾಗ ಐತಾ? ಮಂಡ್ಯಕ್ಕೆ ಬುಡು ನನ್ನ."

ಶೋಭಿತಾ ಸರಿದು ಜಾಗ ಕೊಟ್ಟಳು. ಮಂಡ್ಯ ಬರುವವರೆಗೂ ಚಲುವಮ್ಮ ಬೈಯುತ್ತಲೇ ಇದ್ದಳು. ಶೋಭಿತಾ ಒಂದು ಮಾತಿಗೂ ಅಡ್ಡ ಬರಲಿಲ್ಲ. ತನ್ನ ಒಂದು ಮಾತನ್ನೂ ವಾಪಸು ತೆಗೆದುಕೊಳ್ಳಲಿಲ್ಲ.